ಕಥಾಪಾತ್ರಗಳ ಒಡವೆಗಳು: ನೋಡುವ ಬಗೆ, ಮಾಡುವ ಬಗೆ

ಕಳೆದ ವರ್ಷದ ಸ್ನೇಹಸಮ್ಮೇಳನದಲ್ಲಿ ಮೂರು ಪ್ರವೇಶಗಳ ಒಂದು ಐತಿಹಾಸಿಕ ನಾಟಕವನ್ನು ಆಡಿಸುವುದೆಂದು ನಮ್ಮ ಶಾಲೆಯಲ್ಲಿ ನಿಶ್ಚಯವಾಯಿತು. ಮೊದಲನೆಯದರಲ್ಲಿ ಶಿವಾಜಿ ಮಹಾರಾಜರ ತಾಯಿ ಜೀಜಾಬಾಯಿ, ಎರಡನೆಯದರಲ್ಲಿ ಪೇಶವೆ ಮಾಧವರಾಯರ ಪತ್ನಿ ರಮಾಬಾಯಿ, ಮೂರನೆಯದರಲ್ಲಿ ಮಾಳವದ ರಾಣಿ ಅಹಿಲ್ಯಾಬಾಯಿ ಹೋಳ್ಕರ್. ಈ ಮೂವರನ್ನೂ ನಮ್ಮ ಮಕ್ಕಳು ದೂರದರ್ಶನದ ಧಾರಾವಾಹಿಗಳಲ್ಲಿ ನೋಡಿ ಬಲ್ಲರು. ಸೋಲಾಪುರದ ಸೀಮೆಯಲ್ಲಿ ಮನೆಯ ಮಾತು ಕನ್ನಡವಾದರೂ ಸಂಜೆಯ ಧಾರಾವಾಹಿ ಮರಾಠಿ ಅಥವಾ ಹಿಂದಿಯದು. ಆದುದರಿಂದ ಪಾತ್ರಗಳ ಹೆಸರನ್ನು ಹೇಳಿದೊಡನೆಯೇ ಮಕ್ಕಳ ಕಣ್ಣಮುಂದೆ ಅವರ ಒಡವೆಗಳು ಮಿಂಚಿದುವು.

ಆದರೆ ಆ ಮಿಂಚಿನೊಡನೆ ಕಷ್ಟವೂ ಬಂದಿತು. ಒಬ್ಬ ತಾಯಿ ಬಾಡಿಗೆಯ ಒಡವೆಗಳಿಗಾಗಿ ಸಾಲ ಕೇಳಲು ಹೊರಟರು. ಇನ್ನೊಬ್ಬರು ತಮ್ಮ ಕೊರಳಿನ ಬಂಗಾರವನ್ನೇ ಮಗಳ ಕೈಯಲ್ಲಿ ಕೊಟ್ಟು ಕಳುಹಿದರು. ಜೀಜಾಬಾಯಿಯ ಪಾತ್ರಕ್ಕೆ ಆರಿಸಿದ್ದ ಹುಡುಗಿಯಾದರೋ ಮೂರು ದಿನ ಅಭ್ಯಾಸಕ್ಕೇ ಬರಲಿಲ್ಲ. ವಿಚಾರಿಸಲಾಗಿ, “ನಮ್ಮ ಮನೆಯಲ್ಲಿ ಹಾಕಿಕೊಳ್ಳಲು ಏನೂ ಇಲ್ಲ, ಗುರುಗಳೇ” ಎಂದಳು. ಆ ದಿನವೇ ನಾವು ಒಂದು ನಿಯಮ ಮಾಡಿದೆವು: ಕೊಂಡ ಒಡವೆ, ಬಾಡಿಗೆಯ ಒಡವೆ, ಮನೆಯ ಬಂಗಾರ, ಈ ಮೂರೂ ರಂಗದ ಮೇಲೆ ಬರಕೂಡದು, ಮಕ್ಕಳು ಕೈಯಾರ ಮಾಡಿದುದು ಮಾತ್ರ ಬರಬೇಕು. ಆಗ ನಾವು ಕಲಿತ ಪಾಠವನ್ನು ಇಲ್ಲಿ ಕ್ರಮವಾಗಿ ಬರೆದಿದೆ.

1. ಪರದೆಯನ್ನು ನೋಡುವ ಬಗೆ

ಪೇಶವೆಯರ ಮನೆಯ ಕಥೆಯನ್ನು ದೂರದರ್ಶನವು 1987ರಲ್ಲಿಯೇ ‘ಸ್ವಾಮಿ’ ಎಂಬ ಮರಾಠಿ ಧಾರಾವಾಹಿಯಲ್ಲಿ ತೋರಿಸಿತು. ಅದು ರಣಜಿತ ದೇಸಾಯಿ ಅವರ ಅದೇ ಹೆಸರಿನ ಕಾದಂಬರಿಯನ್ನು ಆಧರಿಸಿದುದು. ಮುಂದೆ 2008ರಲ್ಲಿ ‘ರಾಜಾ ಶಿವಛತ್ರಪತಿ’, 2019ರಲ್ಲಿ ರಮಾಬಾಯಿಯ ಕಥೆಯಾದ ‘ಸ್ವಾಮಿನಿ’, 2021ರಿಂದ 2023ರವರೆಗೆ ಹಿಂದಿಯಲ್ಲಿ ‘ಪುಣ್ಯಶ್ಲೋಕ ಅಹಿಲ್ಯಾಬಾಯಿ’ ಬಂದುವು. ಇವುಗಳಿಂದ ನಮಗೆ ಉತ್ಸಾಹ ದೊರೆಯುತ್ತದೆ. ಆದರೆ ಪರದೆಯಲ್ಲಿ ಕಂಡುದೆಲ್ಲವೂ ಆ ಕಾಲದ್ದೇ ಎಂದು ನಂಬಬಾರದು. ಧಾರಾವಾಹಿಯವರು ಕಣ್ಣಿಗೆ ತುಂಬುವುದನ್ನು ಬಯಸುವರು. ಚರಿತ್ರೆಯ ವಿದ್ಯಾರ್ಥಿಯು ನಿಜವಾದುದನ್ನು ಬಯಸಬೇಕು.

ಒಂದು ಉದಾಹರಣೆ. ಬಾದಾಮಿ, ಐಹೊಳೆಗಳ ಚಾಲುಕ್ಯ ಶಿಲ್ಪಗಳಲ್ಲಿ ಸ್ತ್ರೀಯರ ಕಿವಿ, ಕೊರಳು, ತೋಳು, ಸೊಂಟಗಳಲ್ಲಿ ಒಡವೆಗಳಿವೆ, ಮೂಗಿನಲ್ಲಿ ಇಲ್ಲ. ಮೂಗಿನ ಒಡವೆ ನಮ್ಮ ದೇಶದಲ್ಲಿ ಅನಂತರದ ಕಾಲದ್ದು. ಆದುದರಿಂದ ಚಾಲುಕ್ಯ ರಾಣಿಯ ಪಾತ್ರಕ್ಕೆ ನತ್ತು ಸಲ್ಲದು. ಇನ್ನೊಂದು ಉದಾಹರಣೆ. ಒಂಬತ್ತು ಗಜದ ಸೀರೆಯುಟ್ಟು ನತ್ತು ಇಟ್ಟ ಸ್ತ್ರೀಯರ ಚಿತ್ರಗಳನ್ನು ರಾಜಾ ರವಿವರ್ಮನು ಸೊಗಸಾಗಿ ಬರೆದಿದ್ದಾನೆ. ಆದರೆ ಅವನ ಕಾಲ 1848ರಿಂದ 1906. ಪೇಶವೆಯರ ಆಳಿಕೆ 1818ರಲ್ಲಿಯೇ ಮುಗಿದಿತ್ತು. ಜೀಜಾಬಾಯಿ 1674ರಲ್ಲಿಯೇ ತೀರಿಕೊಂಡಿದ್ದಳು. ಆ ಚಿತ್ರಗಳು ಅವನ ಕಾಲಕ್ಕೆ ಸಾಕ್ಷಿ, ಜೀಜಾಬಾಯಿಯ ಕಾಲಕ್ಕಲ್ಲ.

ಹಾಗಾದರೆ ಯಾರನ್ನು ಕೇಳಬೇಕು? ಪುಣೆಗೆ ಹೋದಾಗ ರಾಜಾ ದಿನಕರ ಕೇಳಕರ ವಸ್ತುಸಂಗ್ರಹಾಲಯವನ್ನು ನೋಡಬಹುದು. ಅದಕ್ಕಿಂತ ಹತ್ತಿರದ ಸಂಗ್ರಹಾಲಯವೊಂದಿದೆ. ಅದು ನಿಮ್ಮ ಅಜ್ಜಿಯ ನೆನಪು. ಬೋರಮಾಳ, ಪುತಳಿಸರ, ಠುಶಿ, ಬುಗಡಿ, ವಂಕಿ, ಪಾಟ್ಲಿ, ನತ್ತು ಮುಂತಾದ ಹೆಸರುಗಳನ್ನು ಕನ್ನಡ ಮರಾಠಿ ಎರಡೂ ಮನೆಗಳಲ್ಲಿ ಕೇಳುತ್ತೇವೆ. ರಾಜ್ಯಗಳ ಗಡಿ ಈಚಿನದು. ಒಡವೆಯ ಹೆಸರುಗಳು ಅದಕ್ಕಿಂತ ಹಳೆಯವು.

2. ಕಾಲಕ್ಕೆ ತಕ್ಕ ಒಡವೆ

ಜೀಜಾಬಾಯಿಗೆ ಪುತಳಿಸರವನ್ನು ಆರಿಸಿದೆವು. ಇಟಲಿಯ ವೆನಿಸ್ ನಗರದವರು 1284ರಿಂದ ಡುಕಾಟ್ ಎಂಬ ಚಿನ್ನದ ನಾಣ್ಯವನ್ನು ಅಚ್ಚು ಹಾಕಿಸುತ್ತಿದ್ದರು. ಅದರ ತೂಕ ಸುಮಾರು 3.5 ಗ್ರಾಂ, ಅಡ್ಡಳತೆ ಸುಮಾರು 20 ಮಿಲಿಮೀಟರ್. ಸಾಂಬಾರ ಪದಾರ್ಥಗಳ ವ್ಯಾಪಾರದೊಡನೆ ಆ ನಾಣ್ಯಗಳು ನಮ್ಮ ಕರಾವಳಿಗೂ ದಖ್ಖನಕ್ಕೂ ಬಂದುವು. ಅದರ ಒಂದು ಮುಖದಲ್ಲಿ ನಗರದ ಅಧಿಪತಿಯು ಸಂತ ಮಾರ್ಕನ ಮುಂದೆ ಮೊಣಕಾಲೂರಿದ ಚಿತ್ರವಿದೆ. ನಮ್ಮ ಜನ ಆ ಬೊಂಬೆಗಳನ್ನು ಕಂಡು ನಾಣ್ಯವನ್ನೇ ಪುತಳಿ ಎಂದು ಕರೆದರು. ಮುಂದೆ ಅಕ್ಕಸಾಲಿಗರು ಅದೇ ಆಕಾರದ ಬಿಲ್ಲೆಗಳನ್ನು ಇಲ್ಲಿಯೇ ಮಾಡಿದರು. ನೋಡಿರಿ, ಅಜ್ಜಿಯ ಕೊರಳಿನ ಒಂದು ಸರದಲ್ಲಿ ಸಮುದ್ರದಾಚೆಯ ಚರಿತ್ರೆ ಅಡಗಿದೆ!

ರಮಾಬಾಯಿಗೆ ಮುತ್ತಿನ ನತ್ತು. ಮಾಧವರಾಯರ ಕಾಲ 1745ರಿಂದ 1772. ಆ ಶತಮಾನದಲ್ಲಿ ಪುಣೆಯ ಸಿರಿವಂತರಿಗೆ ಮುತ್ತು ಬಲು ಪ್ರಿಯ. ಪರ್ಷಿಯಾ ಕೊಲ್ಲಿಯಿಂದ ಬರುತ್ತಿದ್ದ ಮುತ್ತಿಗೆ ಬಸರಾ ಮುತ್ತು ಎಂದು ಹೆಸರು.

ಊರ ಹೆಣ್ಣುಮಕ್ಕಳ ಪಾತ್ರಗಳಿಗೆ ಬೋರಮಾಳ. ಬೋರೆಹಣ್ಣಿನ ಆಕಾರದ ಗುಂಡುಗಳುಳ್ಳದ್ದರಿಂದ ಆ ಹೆಸರು. ಚಿನ್ನದ ತೆಳುವಾದ ತಗಡಿನಿಂದ ಗುಂಡು ಮಾಡಿ ಒಳಗೆ ಅರಗು ತುಂಬುವುದು ಅಕ್ಕಸಾಲಿಗರ ಪದ್ಧತಿ.

ಅಹಿಲ್ಯಾಬಾಯಿಗೆ? ಇಲ್ಲಿ ಒಂದು ಸಣ್ಣ ಜಗಳವೇ ನಡೆಯಿತು. ಅವಳ ಪತಿ ಖಂಡೇರಾಯನು 1754ರಲ್ಲಿ ಕುಂಭೇರಿಯ ಮುತ್ತಿಗೆಯಲ್ಲಿ ಮಡಿದನು. 1767ರಿಂದ 1795ರವರೆಗೆ ಅವಳು ನರ್ಮದೆಯ ದಡದ ಮಹೇಶ್ವರದಿಂದ ರಾಜ್ಯವಾಳಿದಳು. ಅವಳ ಪರಿಚಿತ ಚಿತ್ರಗಳಲ್ಲಿ ಬಿಳಿಯ ಸೀರೆ, ಅಂಗೈಯಲ್ಲಿ ಶಿವಲಿಂಗ, ಅಷ್ಟೆ. ಆ ಪಾತ್ರದ ಹುಡುಗಿ “ನನಗೊಬ್ಬಳಿಗೆ ಒಡವೆ ಇಲ್ಲವೇ?” ಎಂದು ಕಣ್ಣೀರು ತಂದಳು. ನಾವು ಹೇಳಿದೆವು: “ಮಗು, ನಮ್ಮ ಸೋಲಾಪುರದ ವಿಶ್ವವಿದ್ಯಾಲಯಕ್ಕೆ 2019ರಲ್ಲಿ ಹೆಸರಿಟ್ಟದ್ದು ಯಾರದು? ಈ ಬರಿಗೊರಳಿನ ರಾಣಿಯದೇ ಅಲ್ಲವೆ? ಮಹೇಶ್ವರದ ನೇಕಾರರಿಗೆ ಆಶ್ರಯ ಕೊಟ್ಟವಳೂ ಅವಳೇ.” ಅವಳು ಆ ಮೇಲೆ ಜೇಡಿಮಣ್ಣಿನ ಶಿವಲಿಂಗವೊಂದನ್ನು ತಾನೇ ಮಾಡಿ ಒಣಗಿಸಿ ತಂದಳು. ಯಾವ ಒಡವೆ ಬೇಡವೆಂದು ತಿಳಿಯುವುದೂ ಈ ವಿದ್ಯೆಯ ಒಂದು ಭಾಗ.

3. ಸಾಮಗ್ರಿಗಳು

ಹಳೆಯ ಲಗ್ನಪತ್ರಿಕೆಗಳು, ಕಳೆದ ವರ್ಷದ ಗೋಡೆಯ ಕ್ಯಾಲೆಂಡರು, ಗಟ್ಟಿ ನೂಲು, ಕೈವಾರ, ಕತ್ತರಿ, ದಬ್ಬಣ, ಕಸಬರಿಗೆಯ ಕಡ್ಡಿ, ಸಣ್ಣ ಮಣಿಗಳು, ತೆಳುವಾದ ಹಿತ್ತಾಳೆಯ ತಂತಿ, ಬಂಗಾರದ ಬಣ್ಣ, ಕೆಮ್ಮಣ್ಣು, ಅಂಟು.

ಅಂಟನ್ನು ಮನೆಯಲ್ಲಿಯೇ ಮಾಡಬಹುದು. ಹುಣಸೆಬೀಜಗಳನ್ನು ಹುರಿದು, ಸಿಪ್ಪೆ ತೆಗೆದು, ರಾತ್ರಿ ನೀರಿನಲ್ಲಿ ನೆನೆಸಿ, ನುಣ್ಣಗೆ ಅರೆದು, ನೀರು ಬೆರಸಿ ಗಂಜಿಯಾಗುವಂತೆ ಕುದಿಸತಕ್ಕದ್ದು. ಕೊಪ್ಪಳ ಜಿಲ್ಲೆಯ ಕಿನ್ನಾಳದ ಗೊಂಬೆ ಮಾಡುವವರು ಹುಣಸೆಬೀಜದ ಅಂಟನ್ನೇ ಬಳಸುವರು. ಇದು ಬೇಗ ಹಳಸುವುದರಿಂದ ಆಯಾ ದಿನಕ್ಕೆ ಬೇಕಾದಷ್ಟನ್ನೇ ಮಾಡಬೇಕು. ಒಲೆಯ ಕೆಲಸವನ್ನು ಹಿರಿಯರು ಮಾಡಲಿ.

4. ಪುತಳಿಸರ

(ಅ) ಲಗ್ನಪತ್ರಿಕೆಯ ಎರಡು ಪದರಗಳನ್ನು ಅಂಟಿಸಿ, ಭಾರದ ಕೆಳಗಿಟ್ಟು ಒಣಗಿಸಿರಿ. ಕೈವಾರವನ್ನು 10 ಮಿಲಿಮೀಟರಿಗೆ ತೆರೆದು 15 ವೃತ್ತಗಳನ್ನು ಬರೆದು ಕತ್ತರಿಸಿರಿ.

(ಆ) ನೂಲನ್ನು ಅಂಟಿನಲ್ಲಿ ಅದ್ದಿ ಬಿಲ್ಲೆಯ ಅಂಚಿನ ಸುತ್ತಲೂ ಕೂಡಿಸಿರಿ. ನಡುವೆ ಅದೇ ನೂಲಿನಿಂದ ನಿಂತ ಬೊಂಬೆಯ ಸರಳ ಆಕೃತಿಯನ್ನು ಮಾಡಿರಿ. ಒಣಗಿದ ಮೇಲೆ ಅದು ಅಚ್ಚು ಹಾಕಿದಂತೆ ಉಬ್ಬಿ ಕಾಣುವುದು.

(ಇ) ಮೇಲಂಚಿನಿಂದ 3 ಮಿಲಿಮೀಟರ್ ಕೆಳಗೆ, ಒಂದಕ್ಕೊಂದು 8 ಮಿಲಿಮೀಟರ್ ದೂರದಲ್ಲಿ, ಎರಡು ರಂಧ್ರಗಳನ್ನು ದಬ್ಬಣದಿಂದ ಮಾಡಿರಿ. ರಂಧ್ರ ಒಂದೇ ಆದರೆ ಬಿಲ್ಲೆ ತಿರುಗಿ ಬೆನ್ನು ತೋರಿಸುವುದು.

(ಈ) ಬಣ್ಣ ಹಚ್ಚಿದ ಮೇಲೆ ದಾರವನ್ನು ಮೊದಲ ರಂಧ್ರದಲ್ಲಿ ಮುಂದಿನಿಂದ ಹಿಂದಕ್ಕೆ ಇಳಿಸಿ, ಬೆನ್ನ ಮೇಲೆ ಹಾಯಿಸಿ, ಎರಡನೆಯದರಿಂದ ಮುಂದಕ್ಕೆ ತೆಗೆಯಿರಿ. ಎರಡು ಬಿಲ್ಲೆಗಳ ನಡುವೆ 3 ಮಿಲಿಮೀಟರಿನ ಎರಡೆರಡು ಮಣಿಗಳನ್ನು ಪೋಣಿಸಿರಿ.

ಲೆಕ್ಕ ನೋಡಿರಿ: 15 ಬಿಲ್ಲೆಗಳಿಗೆ 300 ಮಿಲಿಮೀಟರ್, ನಡುವಣ 14 ಸ್ಥಳಗಳಿಗೆ 84, ಒಟ್ಟು 384, ಎಂದರೆ ಸುಮಾರು 38 ಸೆಂಟಿಮೀಟರ್. ಹಿಂದೆ ಕಟ್ಟಲು ಎರಡೂ ಕಡೆ ದಾರ ಬಿಟ್ಟು ತುದಿಗೆ ಗೊಂಡೆ ಕಟ್ಟಿರಿ.

5. ಬೋರಮಾಳ

ಕ್ಯಾಲೆಂಡರಿನ ದಪ್ಪ ಕಾಗದದಿಂದ 40 ಸೆಂಟಿಮೀಟರ್ ಉದ್ದ, ಬುಡದಲ್ಲಿ 1.2 ಸೆಂಟಿಮೀಟರ್ ಅಗಲ ಇದ್ದು, ಎರಡೂ ಪಕ್ಕಗಳು ಸಮನಾಗಿ ತುದಿಯಲ್ಲಿ ಮೊನೆಯಾಗುವ ತ್ರಿಕೋನ ಪಟ್ಟಿಗಳನ್ನು ಕತ್ತರಿಸಿರಿ. ಅಗಲವಾದ ಬುಡವನ್ನು ಕಸಬರಿಗೆಯ ಕಡ್ಡಿಗೆ ಸುತ್ತುತ್ತ ಬಂದು, ಮೊನೆಯು ಸರಿಯಾಗಿ ನಡುವೆ ಬರುವಂತೆ ಅಂಟಿಸಿ ಕಡ್ಡಿಯನ್ನು ಹೊರಗೆಳೆಯಿರಿ. ಅಂಚಿನಲ್ಲಿ ಸುತ್ತು ಕಡಿಮೆ, ನಡುವೆ ಹೆಚ್ಚು. ಆದುದರಿಂದ ಗುಂಡು ಬೋರೆಹಣ್ಣಿನಂತೆ ತಾನಾಗಿ ನಡುವೆ ಉಬ್ಬುವುದು. ಒಂದನ್ನು ಮಾಡಿ ನೋಡಿ. ತೀರ ಸಣಕಲಾದರೆ ಪಟ್ಟಿಯನ್ನು ಉದ್ದ ಮಾಡಿರಿ. ಇಂಥ 30 ಗುಂಡುಗಳು 36 ಸೆಂಟಿಮೀಟರ್ ತುಂಬುವುವು.

6. ನತ್ತು

ಇದಕ್ಕಾಗಿ ಮೂಗು ಚುಚ್ಚಿಸಬೇಕಾಗಿಲ್ಲ. 10 ಸೆಂಟಿಮೀಟರ್ ತಂತಿಯ ಒಂದು ತುದಿಯನ್ನು ಇಕ್ಕಳದಿಂದ ಚಿಕ್ಕ ಸುರುಳಿಯಾಗಿ ಮಡಿಸಿರಿ. ಮೊನೆ ಹೊರಗೆ ಉಳಿಯಬಾರದು. 6 ಮಿಲಿಮೀಟರಿನ 8 ಬಿಳಿಯ ಮಣಿ, ನಡುವೆ ಒಂದು ಕೆಂಪು, ಒಂದು ಹಸಿರು ಪೋಣಿಸಿ, ಇನ್ನೊಂದು ತುದಿಯನ್ನೂ ಹಾಗೆಯೇ ಸುರುಳಿ ಮಾಡಿರಿ. ಸುಮಾರು 2.5 ಸೆಂಟಿಮೀಟರಿನ ಬಳೆಯಂತೆ ಬಾಗಿಸಿ, ಸುರುಳಿಗಳು ಒಂದಕ್ಕೊಂದು ಎದುರಾಗಿ ನಡುವೆ 3 ಮಿಲಿಮೀಟರ್ ತೆರವಿರುವಂತೆ ಮಾಡಿರಿ. ಮಣಿಗಳು ಜಾರದಂತೆ ಎರಡೂ ಪಕ್ಕ ನೂಲು ಸುತ್ತಿ, ಸುರುಳಿಗಳಿಗೂ ಮೆತ್ತನೆಯ ನೂಲು ಸುತ್ತಿರಿ. ಮೂಗಿನ ಹೊಳ್ಳೆಯ ಅಂಚಿಗೆ ಇದು ಮೆಲ್ಲನೆ ಹಿಡಿದುಕೊಳ್ಳುವುದು. ನೋಯುವಷ್ಟು ಬಿಗಿಯಾಗಬಾರದು. ಚಿಕ್ಕ ಮಕ್ಕಳಿಗೆ ಇದನ್ನು ಇಡಲೇಬಾರದು. ಮಣಿ ಕಳಚಿದರೆ ಅಪಾಯ.

7. ಬಣ್ಣ ಮತ್ತು ದೂರ

ಕಾಗದದ ಮೇಲೆ ನೇರವಾಗಿ ಬಂಗಾರದ ಬಣ್ಣ ಹಚ್ಚಿದರೆ ಅದು ಪೇಲವವಾಗಿ ಕಾಣುವುದು. ಮೊದಲು ಅಂಟಿನಲ್ಲಿ ಕಲಸಿದ ಕೆಮ್ಮಣ್ಣನ್ನು ಹಚ್ಚಿ, ಒಣಗಿದ ಮೇಲೆ ಬಂಗಾರದ ಬಣ್ಣ ಕೊಟ್ಟರೆ ಕಾಂತಿ ಹೆಚ್ಚುವುದು. ಮರದ ಮೇಲೆ ಚಿನ್ನದ ರೇಕು ಕೂಡಿಸುವ ಕುಶಲಿಗಳೂ ಕೆಂಪು ಮಣ್ಣಿನ ತಳಹದಿಯನ್ನು ಹಾಕುತ್ತಿದ್ದರು.

ಇನ್ನೊಂದು ಸಂಗತಿ. ಧಾರಾವಾಹಿಯಲ್ಲಿ ಕ್ಯಾಮರಾ ನಟಿಯ ಮುಖದ ಹತ್ತಿರಕ್ಕೇ ಬರುತ್ತದೆ. ನಮ್ಮ ಪ್ರೇಕ್ಷಕರು ದೂರ ಕುಳಿತಿರುತ್ತಾರೆ. ಆರೋಗ್ಯವಂತ ಕಣ್ಣು ಒಂದು ಡಿಗ್ರಿಯ ಅರವತ್ತನೆಯ ಒಂದು ಭಾಗದಷ್ಟು ಅಂತರವನ್ನು ಮಾತ್ರ ಬಿಡಿಸಿ ಕಾಣಬಲ್ಲದು. 10 ಮೀಟರ್ ದೂರದಲ್ಲಿ ಅದು ಸುಮಾರು 3 ಮಿಲಿಮೀಟರ್. ಅದಕ್ಕಿಂತ ಸೂಕ್ಷ್ಮವಾದ ಕೆಲಸ ಕೊನೆಯ ಸಾಲಿಗೆ ಕಾಣದು. ಆದುದರಿಂದ ರಂಗದ ಒಡವೆಯಲ್ಲಿ ರೇಖೆಗಳು ಕಡಿಮೆ ಇರಲಿ, ದಪ್ಪವಾಗಿರಲಿ.

8. ಪಾಲಕರಲ್ಲಿ ವಿನಂತಿ

ಮಕ್ಕಳ ಮೈಮೇಲೆ ನಿಜವಾದ ಬಂಗಾರವನ್ನು ಹಾಕಿ ಸಮ್ಮೇಳನಕ್ಕೆ ಕಳುಹಬೇಡಿರಿ. ಅಗ್ಗದ ಲೋಹದ ಒಡವೆಗಳಲ್ಲಿ ನಿಕೆಲ್ ಇದ್ದರೆ ಕೆಲವು ಮಕ್ಕಳ ಚರ್ಮ ತುರಿಸಿ ಕೆಂಪಾಗುವುದು. ಸೀಸ ಬೆರೆತ ಬೆಸುಗೆಯನ್ನು ಮಕ್ಕಳ ಕೈಗೆ ಕೊಡಲೇಬಾರದು. ಕಾಗದ ಮತ್ತು ನೂಲಿನ ಒಡವೆಗೆ ಈ ಭಯವಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಮಕ್ಕಳು ಒಡವೆಗಳ ಬಗೆಗೆ ಕೇಳಿದಾಗ ಬೇಸರಿಸದೆ ನೆನಪಿದ್ದುದನ್ನು ಹೇಳಿರಿ.

ಏಕೆಂದರೆ, ಅಭ್ಯಾಸಕ್ಕೆ ಬಾರದೆ ಉಳಿದಿದ್ದ ಆ ಹುಡುಗಿ ಮನೆಗೆ ಹೋಗಿ ಅಜ್ಜಿಯನ್ನು ಪುತಳಿಸರದ ಬಗ್ಗೆ ಕೇಳಿದಳು. ಮನೆಯಲ್ಲಿ ಏನೂ ಇಲ್ಲವೆಂದು ಅವಳು ತಿಳಿದಿದ್ದಳು. ಆದರೆ ಒಂದು ಕಾಲಕ್ಕೆ ಇತ್ತು. “ಹದಿನೈದು ಪುತಳಿ ಇದ್ದೂವು ಯವ್ವಾ, ಬರಗಾಲದಾಗ ಜ್ವಾಳಕ್ಕ ಹೋದೂವು” ಎಂದು ಅಜ್ಜಿ ಹೇಳಿದರಂತೆ. ಅದು 1972ರ ಬರಗಾಲ. ನಮ್ಮ ಸರಕ್ಕೆ 15 ಬಿಲ್ಲೆಗಳೆಂಬ ಲೆಕ್ಕ ಬಂದುದು ಅಲ್ಲಿಂದಲೇ. ಸಮ್ಮೇಳನದ ಸಂಜೆ ನಾಟಕ ಮುಗಿದ ಮೇಲೆ ಆ ವೃದ್ಧೆ ಮೊಮ್ಮಗಳ ಕೊರಳಿನ ಕಾಗದದ ಪುತಳಿಗಳನ್ನು ಒಂದೊಂದಾಗಿ ಬೆರಳಿನಿಂದ ಮುಟ್ಟಿ ಎಣಿಸಿದರು. ಎಣಿಕೆ ಸರಿಯಾಗಿತ್ತು.

ಅಭ್ಯಾಸ

1. 20 ಮಿಲಿಮೀಟರಿನ 21 ಬಿಲ್ಲೆಗಳಿಂದ ಮೇಲಿನ ಕ್ರಮದಲ್ಲಿಯೇ ಸರ ಮಾಡಿದರೆ ಅದರ ಉದ್ದವೆಷ್ಟು?
2. 15 ಮೀಟರ್ ದೂರದಲ್ಲಿ ಕುಳಿತವನಿಗೆ ಎಷ್ಟು ಮಿಲಿಮೀಟರಿಗಿಂತ ಸಣ್ಣ ರೇಖೆಗಳು ಬೇರೆಬೇರೆಯಾಗಿ ಕಾಣವು?
3. ನೀವು ನೋಡಿದ ಐತಿಹಾಸಿಕ ಧಾರಾವಾಹಿಯ ಒಂದು ಪಾತ್ರವನ್ನು ಆರಿಸಿ, ಅದರ ಕಾಲವನ್ನು ತಿಳಿದು, ಆ ಕಾಲಕ್ಕೆ ಸಲ್ಲುವ ಮತ್ತು ಸಲ್ಲದ ಒಡವೆಗಳನ್ನು ಕಾರಣಸಹಿತ ಬರೆಯಿರಿ.
4. ಮನೆಯ ಹಿರಿಯರನ್ನು ಕೇಳಿ, ಹಳೆಯ ಐದು ಒಡವೆಗಳ ಹೆಸರುಗಳನ್ನೂ ಅವು ಈಗ ಎಲ್ಲಿವೆಯೆಂಬುದನ್ನೂ ಬರೆದು ತನ್ನಿರಿ.