ಗಿಲಾವ್ ಹಚ್ಚುವ ಮೊದಲು ಎಂಜಿನಿಯರ್‌ಗೆ ತೋರಿಸಿ

ಪ್ರಶ್ನೆ: ನಾನು ಕಲಬುರಗಿಯಲ್ಲಿ ಶಿಕ್ಷಕಿ. ಕಮಲಾಪುರದಲ್ಲಿ ಮನೆ ಕಟ್ಟಿಸುತ್ತಿದ್ದೇವೆ. ಮೇ ತಿಂಗಳ ಬಿಸಿಲಲ್ಲಿ ಸ್ಲ್ಯಾಬ್ ಹಾಕಿ ಹತ್ತು ದಿನವಾಯಿತು. ಅಂದೇ ಸಂಜೆ ಮೇಲೆ ಸಣ್ಣ ಬಿರುಕು ಬಿದ್ದವು. ಮೊನ್ನೆ ಸೆಂಟ್ರಿಂಗ್ ಬಿಚ್ಚಿದಾಗ ಅಡುಗೆಮನೆ ಮೂಲೆಯಲ್ಲಿ ಖಡಿ ಬಿಡಿಬಿಡಿಯಾಗಿ, ಗೇಣುದ್ದ ಕಬ್ಬಿಣದ ಸಳಿ ಕಂಡಿತು. ಗೌಂಡಿ ಯಜಮಾನರ ಸಂಬಂಧಿ. "ಗಿಲಾವ್ ಹಚ್ಚಿದರೆ ಮುಚ್ಚಿಹೋಗ್ತದ" ಅಂತಾರೆ. ಶ್ರಾವಣಕ್ಕೆ ಗೃಹಪ್ರವೇಶ. ಜಗಳವಾದೀತೆಂದು ಸುಮ್ಮನಿದ್ದೇನೆ, ನಿದ್ದೆ ಬರುತ್ತಿಲ್ಲ.

ಉತ್ತರ: ತಂಗಿ, ನಿಮ್ಮ ಆತಂಕ ಸಹಜವೇ. ಆದರೆ ನೀವು ಕಂಡ ಎರಡು ದೋಷಗಳೂ ಒಂದೇ ತೂಕದವಲ್ಲ.

ಮೇಲಿನ ಸಣ್ಣ ಬಿರುಕುಗಳು ನಮ್ಮ ಬಿಸಿಲು, ಬಿಸಿಗಾಳಿಯ ಕೆಲಸ. ಹಸಿ ಕಾಂಕ್ರೀಟಿನ ಮೇಲ್ಮೈ ಬೇಗ ಒಣಗಿದರೆ ಹೀಗಾಗುತ್ತದೆ. ಬಹುಪಾಲು ಇವು ಆಳಕ್ಕಿಳಿದಿರುವುದಿಲ್ಲ, ತುಂಬಿಸಬಹುದು. ಅದೇ ಗೆರೆ ಕೆಳಗೂ ಕಂಡರೆ, ತೇವ ಜಿನುಗಿದರೆ ಮಾತ್ರ ಗಂಭೀರ. ಒಣ ಬಿಸಿಲಿನಲ್ಲಿ ಕನಿಷ್ಠ 10 ದಿನ ನೀರುಣಿಸಬೇಕೆಂದು ಕಾಂಕ್ರೀಟ್ ಕೆಲಸದ ಐಎಸ್ 456 ಸಂಹಿತೆ ಹೇಳುತ್ತದೆ. ಹಾರುಬೂದಿ ಬೆರೆತ ಪಿಪಿಸಿ ಸಿಮೆಂಟಾದರೆ 14 ದಿನ ಒಳ್ಳೆಯದು. ಆದ್ದರಿಂದ ಈಗಲೇ ಬಿಡಬೇಡಿ, ಮಣ್ಣಿನ ಸಣ್ಣ ಒಡ್ಡು ಹಾಕಿಸಿ ನೀರು ಕಟ್ಟಿ.

ಅಡುಗೆಮನೆ ಮೂಲೆಯದು ಬೇರೆ ಮಾತು. ವೈಬ್ರೇಟರ್ ಸರಿಯಾಗಿ ಆಡದೆ ಅಥವಾ ಹಲಗೆಯ ಸಂದಿನಲ್ಲಿ ಸಿಮೆಂಟ್ ಹಾಲು ಸೋರಿ ಅಲ್ಲಿ ಪೊಳ್ಳು ಉಳಿದಿದೆ. ಬರಿಯ ಗಿಲಾವ್ ಹಚ್ಚಿದರೆ ಪೊಳ್ಳು ಕಣ್ಣಿಗೆ ಮರೆಯಾದೀತು, ತುಂಬುವುದಿಲ್ಲ. ಗಾಳಿ, ನೀರು ತಾಗಿ ಸಳಿ ತುಕ್ಕು ಹಿಡಿಯುತ್ತದೆ. ತುಕ್ಕು ಉಬ್ಬಿ ಕಾಂಕ್ರೀಟನ್ನು ಕೆಳಕ್ಕೆ ಉದುರಿಸುತ್ತದೆ. ನೀವು ದಿನಾ ಒಲೆಯ ಮುಂದೆ ನಿಲ್ಲುವ ಜಾಗವದು.

ಮೊದಲು ಅಲ್ಲಿ ಮತ್ತೆ ಆಧಾರದ ಬಲ್ಲಿ ಕೊಡಿಸಿ, ಫೋಟೊ ತೆಗೆದಿಡಿ. ಕೋಣೆಯ ಅಗಲ 4.5 ಮೀಟರ್, ಅಂದರೆ ಸುಮಾರು 15 ಅಡಿ, ಮೀರಿದ್ದರೆ ಬಲ್ಲಿಗಳು 14 ದಿನ ಇರಬೇಕಿತ್ತು. ನಂತರ ಗೌಂಡಿಯ ಪರಿಚಯವಿಲ್ಲದ ಸ್ಟ್ರಕ್ಚರಲ್ ಎಂಜಿನಿಯರ್‌ಗೆ ತೋರಿಸಿ. ಕಲಬುರಗಿಯ ಪಿ.ಡಿ.ಎ. ಎಂಜಿನಿಯರಿಂಗ್ ಕಾಲೇಜಿನ ಸಿವಿಲ್ ವಿಭಾಗದಲ್ಲೂ ವಿಚಾರಿಸಬಹುದು. ಪೊಳ್ಳು ಮೇಲ್ಮೈಯಲ್ಲಷ್ಟೇ ಇದ್ದರೆ, ಸಡಿಲ ಖಡಿಯನ್ನು ಗಟ್ಟಿ ಕಾಂಕ್ರೀಟ್ ಸಿಗುವವರೆಗೆ ಕೆತ್ತಿ, ಸಳಿ ಉಜ್ಜಿ, ಕುಗ್ಗದ ಗ್ರೌಟ್ ತುಂಬಿಸುತ್ತಾರೆ. ಗಟ್ಟಿತನದ ಅನುಮಾನವಿದ್ದರೆ 28 ದಿನ ತುಂಬಿದ ಮೇಲೆ ರಿಬೌಂಡ್ ಹ್ಯಾಮರ್ ಪರೀಕ್ಷೆ, ಬೇಕಾದರೆ ಕೋರ್ ಪರೀಕ್ಷೆ ಮಾಡಿಸಿ.

ಇನ್ನು ಸಂಬಂಧದ ಮಾತು. ಇದನ್ನು ಯಜಮಾನರೇ ಎತ್ತಲಿ. "ನಿನ್ನ ಮ್ಯಾಲ ಸಿಟ್ಟಿಲ್ಲ. ಎಂಜಿನಿಯರ್ ಹೇಳಿದಂಗ ನೀನೇ ಸರಿ ಮಾಡು, ಉಳಿದ ರೊಕ್ಕ ಆಮ್ಯಾಲ" ಎಂದರೆ ಮರ್ಯಾದೆಯೂ ಉಳಿಯುತ್ತದೆ, ಕೆಲಸವೂ ಆಗುತ್ತದೆ. ಕೊಟ್ಟ ಹಣಕ್ಕೆಲ್ಲ ಚೀಟಿ ಇರಲಿ. ಮಾತಿಗೆ ಬಗ್ಗದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಬಹುದು.

ದುರಸ್ತಿ ಮುಗಿಯದಿದ್ದರೆ ಗೃಹಪ್ರವೇಶ ಮುಂದಕ್ಕೆ ಹಾಕಿ. ನೀವು ಕರೆದವರು ಎರಡು ತಿಂಗಳು ಕಾದಾರು. ಆ ಸೂರಿನಡಿ ಬಾಳಬೇಕಾದವರು ನೀವು ಮತ್ತು ನಿಮ್ಮ ಮನೆಯವರು.