ಒಂದು ಸೋಲಾರ್, ಎರಡು ಬಚ್ಚಲು: ‘ಉಷ್ಣ’ ಘಟಕದಲ್ಲಿ ದೋಷ ಹುಡುಕುವ ಚಟುವಟಿಕೆ

ಶಿರಹಟ್ಟಿಯ ಅಭ್ಯಾಸ ಬೋಧನೆಯಲ್ಲಿ ನನಗೆ ಸಿಕ್ಕಿದ್ದು ಏಳನೆಯ ತರಗತಿಯ ‘ಉಷ್ಣ’ ಘಟಕ. ವಹನ, ಸಂವಹನ, ವಿಕಿರಣಗಳ ವ್ಯಾಖ್ಯೆ ಮಕ್ಕಳಿಗೆ ಬಾಯಿಪಾಠವಾಗಿತ್ತು. ಹಾಗಾಗಿ ಸಂವಹನದ ಅವಧಿಯನ್ನು ಒಂದು ಸಮಸ್ಯೆಯಿಂದ ಆರಂಭಿಸಿದೆ. ಮಾಳಿಗೆಯ ಮೇಲಿನ ಸೋಲಾರ್ ಹೀಟರಿನ ಬಿಸಿನೀರು ಕವಲೊಡೆದು ಎರಡು ಬಚ್ಚಲುಗಳಿಗೆ ಹೋಗುತ್ತದೆ. ಕೆಳಗಿನ ಬಚ್ಚಲಿನಲ್ಲಿ ನೀರು ಉಗುರುಬೆಚ್ಚಗೆ ಮಾತ್ರ ಬರುತ್ತದೆ. ದೋಷ ಎಲ್ಲಿ?

“ಸೋಲಾರ್ ಕೆಟ್ಟೈತ್ರಿ ಸರ್.” ಇಡೀ ತರಗತಿಯದು ಒಂದೇ ಉತ್ತರ.

ಮೊದಲು ಸೋಲಾರ್ ಕೆಲಸ ಮಾಡುವ ಬಗೆ ತಿಳಿಯಬೇಕಿತ್ತು. ಕೆಳಗೆ ಉರಿ ಹಾಕಿದರೂ ಹಂಡೆಯಲ್ಲಿ ಮೇಲಿನ ನೀರೇ ಹೆಚ್ಚು ಬಿಸಿ ಎಂಬುದು ಅವರಿಗೆ ಗೊತ್ತು. ಒಂದು ಲೀಟರ್ ನೀರು 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 998 ಗ್ರಾಂ ತೂಗಿದರೆ 60 ಡಿಗ್ರಿಯಲ್ಲಿ 983 ಗ್ರಾಂ. ಈ 15 ಗ್ರಾಂ ವ್ಯತ್ಯಾಸವೇ ಮೋಟಾರಿಲ್ಲದೆ ಬಿಸಿನೀರನ್ನು ಗಾಜಿನ ಕೊಳವೆಗಳಿಂದ ಟ್ಯಾಂಕಿಗೆ ಏರಿಸುತ್ತದೆ.

ಆಮೇಲೆ ಮಕ್ಕಳೇ ಪ್ರಶ್ನೆ ಕೇಳಬೇಕು. ಕೇಳಿದ್ದಕ್ಕಷ್ಟೇ ನನ್ನ ಉತ್ತರ. ಚಳಿದೇಶಗಳಲ್ಲಿ ಒಂದೇ ಬಾಯ್ಲರಿನ ಬಿಸಿನೀರನ್ನು ಬೇರೆ ಬೇರೆ ವಾಲ್ವುಗಳ ಮೂಲಕ ಹರಿಸಿ ಕೋಣೆಗಳನ್ನು ಬೆಚ್ಚಗಿಡುತ್ತಾರೆ. ಅಲ್ಲಿಯೂ ಮೊದಲ ಪ್ರಶ್ನೆ ಇದೇ: ಎಲ್ಲ ಕಡೆ ತಣ್ಣಗೋ, ಒಂದೇ ಕಡೆಯೋ? ಎಲ್ಲ ಕಡೆಯಾದರೆ ಮೂಲವನ್ನು, ಒಂದೇ ಕಡೆಯಾದರೆ ಆ ಕವಲನ್ನು ನೋಡಬೇಕು. ನನ್ನ ತರಗತಿಯಲ್ಲಿ ಆರನೆಯದಾಗಿ ಒಳ್ಳೆಯ ಪ್ರಶ್ನೆ ಬಂತು: “ಟ್ಯಾಂಕಿನಿಂದ ಹೊರಡೋ ಪೈಪ್ ಸುಡ್ತೈತೇನ್ರಿ?” ಹೌದು ಎಂದೆ. ಅಂದರೆ ಮೂಲ ಸರಿಯಿದೆ, ದಾರಿಯಲ್ಲೆಲ್ಲೋ ತಣ್ಣೀರು ಸೇರುತ್ತಿದೆ.

ಹೇಗೆ ಸೇರುತ್ತದೆಂದು ತೋರಿಸಲು ಎರಡು ಬಾಟಲಿ, ಹೊಸ ಸಲಾಯಿನ್ ನಳಿಕೆ, ಹನಿ ನೀರಾವರಿಯ ಟೀ ಜೋಡಣೆ ಸಾಕಾದವು. ಒಂದರಲ್ಲಿ ಕೆಂಪು ನೀರು, ಇನ್ನೊಂದರಲ್ಲಿ ಬರೀ ನೀರು. ನಡುವಿನ ನಳಿಕೆಯ ತಿರುಗಣಿ ಸಡಿಲಿಸಿದ ಕೂಡಲೇ ಹೊರಬರುವ ಕೆಂಪು ತೆಳುವಾಯಿತು. ಮೇಲಿನ ಬಚ್ಚಲಿನ ಮಿಕ್ಸರಿನಲ್ಲಿ ಬಿಸಿ, ತಣ್ಣೀರಿನ ಎರಡೂ ತಿರುಪು ತೆರೆದು, ತುದಿಯ ಕೈಷವರ್ ಮಾತ್ರ ಮುಚ್ಚಿಟ್ಟರೆ ಆಗುವುದೂ ಇದೇ. ದೋಷ ಮೇಲೆ, ತೊಂದರೆ ಕೆಳಗೆ.

ಮೌಲ್ಯಮಾಪನಕ್ಕೆ, ಬಿಸಿನೀರಿನ ಯಾವುದಾದರೂ ವ್ಯವಸ್ಥೆಯನ್ನು ದೊಡ್ಡವರ ಜೊತೆ ಪರೀಕ್ಷಿಸಿ ಬರೆಯಲು ಹೇಳಿದ್ದೆ. ಬಹಳಷ್ಟು ಮಕ್ಕಳು ‘ಮಿಕ್ಸರ್ ದೋಷ’ ಎಂದೇ ಬರೆದರು. ನನ್ನ ಉತ್ತರ ನನಗೇ ಮರಳಿ ಬಂತು. ಒಬ್ಬ ಹುಡುಗಿ ಮಾತ್ರ ಬೇರೆ ಬರೆದಿದ್ದಳು: “ನಮ್ಮ ಕಾಕಾರ ಮನೆಯಲ್ಲಿ ಮಿಕ್ಸರ್ ಇಲ್ಲ. ಎರಡೂ ನಳ ಬೆಚ್ಚಗಷ್ಟೇ. ಟ್ಯಾಂಕಿನ ಪೈಪೂ ಸುಡುವುದಿಲ್ಲ. ದೋಷ ಮಾಳಿಗೆ ಮೇಲಿದೆ.” ಕೊಳವೆ ಬದಲಿಸಬೇಕೆಂದು ಯಾರೋ ಆ ಮನೆಯವರಿಗೆ ಹೇಳಿದ್ದರಂತೆ. ಅದಕ್ಕೆ ಮೊದಲು ಕೊಳವೆಯ ಮೇಲಿನ ಧೂಳು, ಬೋರಿನ ಗಡಸು ನೀರಿನಿಂದ ಕೂತ ಉಪ್ಪು, ಈ ಎರಡನ್ನೂ ನೋಡಬೇಕೆಂದು ಅವಳು ಬರೆದಿದ್ದಳು. ಪೂರ್ಣ ಅಂಕ ಕೊಟ್ಟದ್ದು ಅವಳಿಗೇ. ಭಾನುವಾರ ಕಾಕಾ ಕೊಳವೆ ಒರೆಸುತ್ತಾರಂತೆ. ಸಂಜೆ ಪೈಪು ಮುಟ್ಟಿ ನೋಡಿ ಹೇಳುತ್ತೇನೆ ಎಂದಿದ್ದಾಳೆ.