ವೃಶ್ಚಿಕ ಮಾಸದ ಗಾಳಿಮಳೆ: ಮುಂಚಿತವಾಗಿ ಅರಿಯುವ ಬಗೆ

ಪತ್ತನಾಜೆಯಿಂದ ದೀಪಾವಳಿಯವರೆಗೆ ನಮ್ಮ ರೈತರು ಮಳೆಯನ್ನು ನಿರೀಕ್ಷಿಸಿಯೇ ಕೆಲಸ ಮಾಡುತ್ತಾರೆ. ಅನಂತರ ಅಡಿಕೆ ಅಂಗಳಕ್ಕೆ ಬರುತ್ತದೆ. ಚಾಲಿ ಒಣಗಲು ಸುಮಾರು ನಲವತ್ತು ದಿನಗಳ ಬಿಸಿಲು ಬೇಕು. ಇದರ ನಡುವೆ ಎರಡು ದಿನ ಮಳೆ ಹೊಡೆದರೆ ಅಡಿಕೆಗೆ ಬೂಸು ಹಿಡಿದು ಧಾರಣೆ ಇಳಿಯುತ್ತದೆ. ವರ್ಷದ ಗಳಿಕೆಯೇ ಅಂಗಳದಲ್ಲಿರುವ ಈ ಕಾಲದಲ್ಲಿ ಗಾಳಿಮಳೆಯ ಸುಳಿವನ್ನು ಒಂದು ದಿನ ಮೊದಲೇ ತಿಳಿಯುವುದು ಹೇಗೆಂಬುದನ್ನು ಈ ವಾರ ವಿಚಾರಿಸೋಣ.

ಎರಡು ಉದಾಹರಣೆಗಳು

ಚಳಿಗಾಲದ ಬಿರುಗಾಳಿ ನಮಗೆ ಎರಡು ದಾರಿಗಳಿಂದ ತಟ್ಟುತ್ತದೆ. ಮೊದಲನೆಯದು ಕಡಲ ದಾರಿ. 2017ರ ನವೆಂಬರ್ 30ರಂದು ಕನ್ಯಾಕುಮಾರಿಯ ಬಳಿ ಬಲಗೊಂಡ ‘ಓಖಿ’ ಚಂಡಮಾರುತವು ಲಕ್ಷದ್ವೀಪವನ್ನು ಹಾದು ಬಡಗಣಕ್ಕೆ ತಿರುಗಿ, ಡಿಸೆಂಬರ್ 5ರ ರಾತ್ರಿ ಗುಜರಾತಿನ ತೀರದ ಬಳಿ ಕ್ಷೀಣಿಸಿತು. ಕೇರಳ ಮತ್ತು ತಮಿಳುನಾಡಿನ ನೂರಾರು ಮೀನುಗಾರರು ಅದರಲ್ಲಿ ಪ್ರಾಣ ಕಳೆದುಕೊಂಡರು.

ಎರಡನೆಯದು ನೆಲದ ದಾರಿ. 2024ರ ನವೆಂಬರ್ 30ರ ರಾತ್ರಿ ‘ಫೆಂಗಲ್’ ಚಂಡಮಾರುತವು ಪುದುಚೇರಿಯ ಬಳಿ ದಡ ಸೇರಿತು. ಅಲ್ಲಿಂದ ಕುಗ್ಗಿದ ಅದರ ಅವಶೇಷವು ನಾಡನ್ನು ಅಡ್ಡ ದಾಟಿ, ಡಿಸೆಂಬರ್ 3ರ ಸುಮಾರಿಗೆ ನಮ್ಮ ಪಡುವಣ ಕಡಲಿಗೆ ಇಳಿಯಿತು. ಕಾಸರಗೋಡು ಜಿಲ್ಲೆಗೆ ಕೆಂಪು ಎಚ್ಚರಿಕೆ ಬಂತು. ಶಾಲೆಗಳಿಗೆ ರಜೆ ಸಾರಲಾಯಿತು. ಬಂಗಾಳ ಕೊಲ್ಲಿಯ ಗಾಳಿ ನಮಗೇನು ಮಾಡೀತು ಎಂದು ಸುಮ್ಮನಿರಬಾರದೆಂಬುದಕ್ಕೆ ಇದೇ ಸಾಕ್ಷಿ. ಅದು ಅಲ್ಲಿ ದಡ ಸೇರಿದ ಮೇಲೆ ನಮಗೆ ಸಿಗುವ ಕಾಲಾವಕಾಶ ಒಂದೆರಡು ದಿನ ಮಾತ್ರ.

ಮನೆಯಲ್ಲಿ ನೋಡತಕ್ಕ ಲಕ್ಷಣಗಳು

ಈ ತಿಂಗಳಲ್ಲಿ ಆಕಾಶ ಶುಭ್ರವಾಗಿರುವಾಗ ಹಗಲಿನ ಕಾವು ರಾತ್ರಿ ಮೇಲಕ್ಕೆ ಹೋಗಿಬಿಡುತ್ತದೆ. ಆದ್ದರಿಂದ ಬೆಳಗ್ಗೆ ಚಳಿ ಮತ್ತು ಇಬ್ಬನಿ. ಮೋಡ ಕವಿದಾಗ ಅದು ಕಂಬಳಿ ಹೊದಿಸಿದಂತೆ ಕಾವನ್ನು ತಡೆಯುತ್ತದೆ. ಇಬ್ಬನಿ ಬೀಳದೆ ರಾತ್ರಿ ಸೆಕೆಯಾದರೆ ಅದು ಮೊದಲನೆಯ ಲಕ್ಷಣ.

ಎರಡನೆಯದು ಗಾಳಿ. ಸಾಮಾನ್ಯವಾಗಿ ಬೆಳಗ್ಗೆ ಮೂಡಣದಿಂದ ನೆಲಗಾಳಿ, ಮಧ್ಯಾಹ್ನದ ಮೇಲೆ ಪಡುವಣದಿಂದ ಕಡಲಗಾಳಿ ಬೀಸುತ್ತದೆ. ಮಧ್ಯಾಹ್ನವಾದರೂ ಕಡಲಗಾಳಿ ಏಳದೆ ಮೂಡಣ ಗಾಳಿಯೇ ಜೋರಾಗುತ್ತ ಹೋದರೆ ಎಚ್ಚರಗೊಳ್ಳಬೇಕು.

ಬಿರುಗಾಳಿ ಯಾವ ದಿಕ್ಕಿನಲ್ಲಿದೆಯೆಂದು ಅಂದಾಜು ಮಾಡಲು ಸುಲಭವಾದ ಲೆಕ್ಕವೊಂದಿದೆ. ಬಯಲಿನಲ್ಲಿ ಗಾಳಿಗೆ ಬೆನ್ನು ಕೊಟ್ಟು ನಿಂತು ಎಡಗೈ ಚಾಚಿರಿ. ಬಿರುಗಾಳಿಯ ನಡು ಹೆಚ್ಚುಕಡಿಮೆ ಆ ಕಡೆಗಿರುತ್ತದೆ. ಮೂಡಣ ಗಾಳಿಗೆ ಬೆನ್ನು ಕೊಟ್ಟರೆ ಮುಖ ಪಡುವಣಕ್ಕೆ, ಎಡಗೈ ತೆಂಕಣಕ್ಕೆ. ಬಿರುಗಾಳಿ ಇನ್ನೂ ತೆಂಕಣದಲ್ಲಿದೆ. ಗಾಳಿ ತೆಂಕಣಕ್ಕೆ ತಿರುಗಿದರೆ ಎಡಗೈ ಪಡುವಣವನ್ನು ತೋರಿಸುತ್ತದೆ. ಅಂದರೆ ಅದು ನಮ್ಮೆದುರಿನ ಕಡಲಿಗೆ ಬಂದಿದೆ. ಗುಡ್ಡದ ಸಂದಿನಲ್ಲಿ ನಿಂತು ಈ ಲೆಕ್ಕ ಮಾಡಬಾರದು. ಬೆಳಗಿನ ನೆಲಗಾಳಿಯನ್ನು ಇದಕ್ಕೆ ಹಿಡಿಯಬಾರದು.

ಮಳೆಯ ಅಳತೆ

ನೆಟ್ಟಗಿನ ಅಂಚು, ಸಮತಟ್ಟಾದ ತಳವಿರುವ ಡಬ್ಬಿಯೊಂದನ್ನು ಮರ ಮಾಡುಗಳಿಂದ ದೂರ, ಬಯಲಿನಲ್ಲಿಡಿರಿ. ದಿನವೂ ಬೆಳಗ್ಗೆ ಎಂಟೂವರೆಗೆ ಅಡಿಪಟ್ಟಿಯಿಂದ ನೀರನ್ನು ಅಳೆದು ಚೆಲ್ಲಿರಿ. ಹವಾಮಾನ ಇಲಾಖೆಯವರು ಅಳೆಯುವುದೂ ಅದೇ ಹೊತ್ತಿಗೆ. ಒಂದು ಎಕ್ರೆಗೆ ಒಂದು ಅಂಗುಲ, ಅಂದರೆ 25 ಮಿಲ್ಲಿಮೀಟರ್ ಮಳೆ ಬಿದ್ದರೆ ಅದು ಸುಮಾರು ಒಂದು ಲಕ್ಷ ಲೀಟರ್ ನೀರು. ತೋಟದ ಕಣಿ ಏಕೆ ಬಿಡಿಸಬೇಕೆಂಬುದು ಇದರಿಂದ ತಿಳಿಯುತ್ತದೆ. ಗಾಳಿ, ರಾತ್ರಿಯ ಸೆಕೆ, ಇಬ್ಬನಿ, ಮಳೆ ಎಂದು ನಾಲ್ಕು ಕಲಮು ಹಾಕಿ ಪುಸ್ತಕವಿಡಲು ಶಾಲೆಗೆ ಹೋಗುವ ಮಕ್ಕಳಿಗೆ ಒಪ್ಪಿಸಿದರೆ ಅವರಿಗೂ ಉತ್ಸಾಹ, ಮನೆಗೂ ಪ್ರಯೋಜನ.

ಇಲಾಖೆಯ ಎಚ್ಚರಿಕೆ

ಮನೆಯ ಲಕ್ಷಣಗಳು ಸುಳಿವು ಮಾತ್ರ. ಇಲಾಖೆಯ ಸೂಚನೆಗೆ ಅವು ಬದಲಿಯಲ್ಲ. ಇಲ್ಲಿ ಗಡಿನಾಡಿನ ನಾವು ಒಂದು ವಿಷಯವನ್ನು ವಿಶೇಷವಾಗಿ ಗಮನಿಸಬೇಕು. ಕರ್ನಾಟಕದ ಸೂಚನೆ ಬೆಂಗಳೂರು ಕೇಂದ್ರದ್ದು. ಅದರಲ್ಲಿ ದಕ್ಷಿಣ ಕನ್ನಡದವರೆಗೆ ಮಾತ್ರ ಇರುತ್ತದೆ. ನಮ್ಮ ಜಿಲ್ಲೆಯ ಸೂಚನೆ ಹೊರಡುವುದು ತಿರುವನಂತಪುರ ಕೇಂದ್ರದಿಂದ. ಮಂಜೇಶ್ವರದವರಾಗಲಿ ಬದಿಯಡ್ಕದವರಾಗಲಿ ನೋಡಬೇಕಾದುದು ಕೇರಳದ ಪಟ್ಟಿಯಲ್ಲಿ ‘ಕಾಸರಗೋಡು’ ಎಂಬ ಹೆಸರನ್ನು.

ಆ ಸೂಚನೆ ಹೆಚ್ಚಾಗಿ ಮಲಯಾಳದಲ್ಲಿರುವುದರಿಂದ ಕೆಲವು ಮಾತುಗಳನ್ನು ತಿಳಿದಿರುವುದು ಒಳ್ಳೆಯದು. ‘ಮಞ್ಞ’ ಎಂದರೆ ಹಳದಿ. ‘ಶಕ್ತಮಾಯ ಮಳ’, 24 ಗಂಟೆಗಳಲ್ಲಿ 64.5ರಿಂದ 115.5 ಮಿಲ್ಲಿಮೀಟರ್. ‘ಓರಂಜ್’ ಎಂದರೆ ಕಿತ್ತಳೆ. ‘ಅತಿಶಕ್ತಮಾಯ ಮಳ’, 115.6ರಿಂದ 204.4. ‘ಚುವಪ್ಪ್’ ಎಂದರೆ ಕೆಂಪು. ‘ಅತಿತೀವ್ರಮಾಯ ಮಳ’, ಅದಕ್ಕೂ ಮೇಲೆ. ಮಲಯಾಳ ಓದಲು ಬಾರದ ಹಿರಿಯರಿಗೆ ನೆರೆಯವರು ಇದನ್ನು ಓದಿ ಹೇಳಬೇಕು. ಅಪಾಯವೊದಗಿದರೆ 1077 ಸಂಖ್ಯೆಗೆ ಫೋನು ಮಾಡಿದರೆ ಜಿಲ್ಲೆಯ ವಿಪತ್ತು ನಿಯಂತ್ರಣ ಕೊಠಡಿ ಸಿಗುತ್ತದೆ.

ಮಾಡತಕ್ಕ ಕೆಲಸ

ಸೂಚನೆ ಬಂದ ದಿನವೇ, ಬಿಸಿಲಿರುವಾಗಲೇ, ಅಂಗಳದ ಅಡಿಕೆ ಮತ್ತು ಕಾಳುಮೆಣಸನ್ನು ಒಳಗೆ ತನ್ನಿರಿ. ರಾಶಿ ಹಾಕಿದರೆ ಬೆವೆತು ಬೂಸು ಬರುತ್ತದೆ. ಜಗಲಿಯಲ್ಲೋ ಅಟ್ಟದಲ್ಲೋ ತೆಳ್ಳಗೆ ಹರಡಿರಿ. ಹೊಸ ಗೊನೆ ಕೊಯ್ಯುವುದನ್ನು ಎರಡು ದಿನ ಮುಂದೂಡಿರಿ. ಗಾಳಿಗೆ ಓಲಾಡುವ ಒದ್ದೆ ಮರ ಹತ್ತುವುದು ಪ್ರಾಣಕ್ಕೂ ಅಪಾಯ. ಗೊಬ್ಬರ ಹಾಕಬೇಡಿರಿ, ಔಷಧಿ ಸಿಂಪಡಿಸಬೇಡಿರಿ, ಎರಡೂ ತೊಳೆದು ಹೋಗುತ್ತವೆ. ಮಳೆ ಬಿಟ್ಟ ಮೇಲೆ ಗೇರಿನ ಹೊಸ ಚಿಗುರು, ಹೂಗೊಂಚಲುಗಳನ್ನು ಪರೀಕ್ಷಿಸಿರಿ; ಮೋಡದ ವಾತಾವರಣದಲ್ಲಿ ಚಹಾ ಸೊಳ್ಳೆಯ ಕಾಟ ಹೆಚ್ಚುತ್ತದೆ.

ಕಡಲಿಗಿಳಿಯುವ ಬಂಧುಗಳಿಗೆ ಒಂದೇ ಮಾತು: ಇಳಿಯಬಾರದೆಂಬ ಸೂಚನೆಯಿದ್ದಾಗ, ದಡದಲ್ಲಿ ಬಿಸಿಲು ಕಂಡರೂ ದೋಣಿ ನೂಕಬೇಡಿರಿ.

ಎಚ್ಚರಿಕೆ ಬಂದು ಮಳೆ ಬಾರದೆ ಹೋಗುವುದೂ ಉಂಟು. ಆಗ ನಷ್ಟವಾಗುವುದು ಒಂದು ದಿನದ ಬಿಸಿಲು. ಎಚ್ಚರಿಕೆಯನ್ನು ಕಡೆಗಣಿಸಿದ ದಿನ ಮಳೆ ಬಂದರೆ ಹೋಗುವುದು ವರ್ಷದ ದುಡಿಮೆ. ಈ ಲೆಕ್ಕವನ್ನು ನಮ್ಮ ರೈತ ಬಾಂಧವರು ಮರೆಯಬಾರದು.